ಕೆಳಗೆ ಅಂಗಡಿ, ಮೇಲೆ ಸಂಸಾರ

ಮಲಯ ಭಾಷೆಯಲ್ಲಿ ಅಂಗಡಿಗೆ 'ಕೆಡೈ' ಎನ್ನುತ್ತಾರೆ. ತಮಿಳರ 'ಕಡೈ' ಹಡಗು ಹತ್ತಿ ಹೋಗಿ ಅಲ್ಲೇ ನೆಲೆಸಿಬಿಟ್ಟ ಮಾತು ಅದು. 'ರುಮಾ' ಎಂದರೆ ಮನೆ. ಎರಡೂ ಸೇರಿ 'ರುಮಾ ಕೆಡೈ', ಅಂದರೆ ಅಂಗಡಿಮನೆ. ಕಟ್ಟಿದವರು ದಕ್ಷಿಣ ಚೀನಾದಿಂದ ಬಂದವರು, ಕರೆಯುವ ಭಾಷೆ ಮಲಯ, ಹೆಸರಿನ ಅರ್ಧ ತಮಿಳು, ಮುಂದಿನ ಜಗಲಿಗೆ ಕಾನೂನು ಮಾಡಿದವನು ಇಂಗ್ಲಿಷಿನವನು! ಪೆನಾಂಗ್ ದ್ವೀಪದ ಜಾರ್ಜ್ ಟೌನ್, ಮಲಕ್ಕಾ, ಸಿಂಗಪುರ ಈ ಮೂರು ಊರುಗಳ ಹಳೆಯ ಬೀದಿಗಳ ತುಂಬ ಇರುವುದು ಇಂಥ ಕಲಬೆರಕೆಯ ಮನೆಗಳೇ. ಕಲಬೆರಕೆ ಎಂದದ್ದು ಹೊಗಳಿಕೆಯಾಗಿ.

ಮನೆಯ ಆಕಾರವೇ ವಿಚಿತ್ರ. ಅಗಲ ಇಪ್ಪತ್ತು ಅಡಿಯ ಆಚೀಚೆ, ಉದ್ದ ನೂರು ಅಡಿ, ಕೆಲವೆಡೆ ಅದರ ಎರಡು ಪಾಲು. ರೈಲು ಡಬ್ಬಿಯ ಹಾಗೆ ಒಂದರ ಪಕ್ಕಕ್ಕೆ ಒಂದು ಅಂಟಿಕೊಂಡು ನಿಂತಿರುತ್ತವೆ. ಎರಡು ಮನೆಗಳ ನಡುವೆ ಒಂದೇ ಗೋಡೆ. ಆ ಗೋಡೆಯಿಂದ ಈ ಗೋಡೆಗೆ ಮರದ ತೊಲೆ ಹಾಸಿ ಅಟ್ಟ ಕಟ್ಟುತ್ತಿದ್ದರು. ತೊಲೆ ಎಷ್ಟು ಉದ್ದವೋ ಮನೆ ಅಷ್ಟೇ ಅಗಲ. ಬೀದಿಗೆ ಮುಖ ಮಾಡಿದ ಜಾಗ ವ್ಯಾಪಾರಿಗೆ ಚಿನ್ನವಿದ್ದಂತೆ. ಆದ್ದರಿಂದ ಪ್ರತಿಯೊಬ್ಬನಿಗೂ ಮುಖ ಚಿಕ್ಕದು, ಹೊಟ್ಟೆ ದೊಡ್ಡದು.

ಇಷ್ಟು ಉದ್ದನೆಯ ಮನೆಯ ನಡುವೆ ಗಾಳಿ ಬೆಳಕು ಎಲ್ಲಿಂದ ಬರಬೇಕು? ಅದಕ್ಕೆ ನಡುವೆ ಒಂದು ತೊಟ್ಟಿ. ಚೀನೀಯರು ಅದನ್ನು 'ಆಕಾಶದ ಬಾವಿ' ಎನ್ನುತ್ತಾರೆ. ನಮ್ಮ ತೊಟ್ಟಿ ಮನೆಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮೇಲಿನಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ, ಬೀದಿಯ ಕಡೆಯಿಂದ ತಂಪುಗಾಳಿ ಒಳಗೆ ಬರುತ್ತದೆ. ಮಳೆ ಬಂದರೆ ನಾಲ್ಕೂ ಕಡೆಯ ಹೆಂಚಿನಿಂದ ನೀರು ತೊಟ್ಟಿಗೇ ಸುರಿಯುತ್ತದೆ. ನೀರೆಂದರೆ ಸಂಪತ್ತು, ಅದು ಬೀದಿಗೆ ಹರಿಯದೆ ಮನೆಯೊಳಕ್ಕೆ ಬೀಳಬೇಕು ಎಂಬ ನಂಬಿಕೆಯೂ ಇದಕ್ಕೆ ಸೇರಿಕೊಂಡಿದೆ. ನಂಬಿಕೆಗೂ ಅನುಕೂಲಕ್ಕೂ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದು ಅಪರೂಪ.

ಮುಂಭಾಗದಲ್ಲಿ ಅಂಗಡಿ. ಬಾಗಿಲ ಮೇಲೆ ಅಡ್ಡ ಹಲಗೆ, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಕೆತ್ತಿದ ಅಂಗಡಿಯ ಹೆಸರು. ಇಬ್ಬದಿಯಲ್ಲಿ ಕಿಟಕಿ, ಕಿಟಕಿಯ ಮೇಲೆ ಗಾಳಿಗಂಡಿ. ಆ ಗಂಡಿಯನ್ನು ಬಾವಲಿಯ ಆಕಾರದಲ್ಲಿ ಮಾಡಿರುವುದುಂಟು. ಚೀನೀ ಭಾಷೆಯಲ್ಲಿ ಬಾವಲಿಗೂ ಭಾಗ್ಯಕ್ಕೂ ಒಂದೇ ಉಚ್ಚಾರ, ಅದಕ್ಕೆ. ಒಳಗೆ ನೆಲಮಟ್ಟದಲ್ಲಿ ಭೂದೇವರ ಗೂಡು, ಹೊರಗೆ ಜಗಲಿಯ ಕಂಬಕ್ಕೆ ಆಕಾಶದ ದೇವರಿಗೆಂದು ಒಂದು ಪುಟ್ಟ ಕೆಂಪು ಪೆಟ್ಟಿಗೆ, ಅದರಲ್ಲಿ ಊದುಬತ್ತಿ. ಮಹಡಿಯಲ್ಲಿ ಸಂಸಾರ. ಹಣ ಕೂಡಿದವರು ಮುಖಕ್ಕೆ ಗ್ರೀಕ್ ಮಾದರಿಯ ಅರೆಗಂಬ ಹಚ್ಚಿಸಿದರು, ಇಂಗ್ಲೆಂಡಿನಿಂದಲೂ ಆಮೇಲೆ ಜಪಾನಿನಿಂದಲೂ ಹೂವಿನ ಚಿತ್ತಾರದ ಬಿಲ್ಲೆಗಳನ್ನು ತರಿಸಿ ಅಂಟಿಸಿದರು. ಪಿಂಗಾಣಿ ಬಟ್ಟಲುಗಳನ್ನು ಒಡೆದು, ಚೂರುಗಳನ್ನು ಕತ್ತರಿಸಿ ಜೋಡಿಸಿ ಹಕ್ಕಿ, ಹೂವು, ಡ್ರ್ಯಾಗನ್ ಮಾಡುವ ಕುಸುರಿ ಬೇರೆ. ಆ ಕೆಲಸಕ್ಕೆ ಚೀನಾದಿಂದಲೇ ಕಸುಬುದಾರರು ಬರಬೇಕಿತ್ತು.

ಇನ್ನು ಜಗಲಿಯ ಕಥೆ. 1822ರಲ್ಲಿ ಸ್ಟಾಂಫರ್ಡ್ ರಾಫೆಲ್ಸ್ ಸಿಂಗಪುರಕ್ಕೆ ಪಟ್ಟಣದ ನಕಾಶೆ ಹಾಕಿಸಿದಾಗ ಒಂದು ಕಟ್ಟಪ್ಪಣೆ ಸೇರಿಸಿದ. ಪ್ರತಿಯೊಂದು ಮನೆಯ ಮುಂದೂ ಮೇಲ್ಛಾವಣಿಯಿರುವ ಜಗಲಿ ಇರಬೇಕು, ಒಂದು ಮನೆಯ ಜಗಲಿ ಮುಂದಿನದಕ್ಕೆ ಕೂಡಿಕೊಂಡು ಬೀದಿಯುದ್ದಕ್ಕೂ ನಡೆದಾಡುವವರಿಗೆ ಸದಾ ತೆರೆದಿರಬೇಕು. ಇದಕ್ಕೆ 'ಐದಡಿ ದಾರಿ' ಎಂದು ಹೆಸರಾಯಿತು, ಮಲಯದಲ್ಲಿ 'ಕಾಕಿ ಲಿಮಾ'. ಲೆಕ್ಕಕ್ಕೆ ಐದಡಿ, ಅಳೆದರೆ ಬೇರೆ ಬೇರೆ. ಬಿಸಿಲು ಮಳೆ ಎರಡೂ ಧಾರಾಳವಾಗಿರುವ ಊರಿನಲ್ಲಿ ಕೊಡೆಯಿಲ್ಲದೆ ಪೇಟೆ ಸುತ್ತಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ.

ಆದರೆ ಜಾಗ ಯಾರದು? ನೆಲ ಮನೆಯವನದು, ನಡೆಯುವ ಹಕ್ಕು ಊರಿನವರದು. ಅಂಗಡಿಯವನು ಅಲ್ಲಿ ಮೂಟೆ ಇಟ್ಟ. ಕ್ಷೌರಿಕ ಕುರ್ಚಿ ಹಾಕಿದ. ಕಾಗದ ಬರೆದುಕೊಡುವವನು ಮೇಜು ತಂದ. ನಗರಸಭೆಗೆ ಇದು ಕಣ್ಣುರಿ. 1888ರ ಫೆಬ್ರವರಿಯಲ್ಲಿ ಸಿಂಗಪುರದ ನಗರಸಭೆ ಜಗಲಿಗಳನ್ನು ತೆರವು ಮಾಡಿಸಲು ಹೊರಟಾಗ ಅಂಗಡಿಗಳೆಲ್ಲ ಬಾಗಿಲು ಹಾಕಿದವು, ಕಲ್ಲುಗಳು ಹಾರಿದವು. ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ 'ಜಗಲಿ ಗಲಭೆ' ಎಂದೇ ಹೆಸರು. ಕೊನೆಗೆ ಆದದ್ದು ಎಲ್ಲ ಕಡೆ ಆಗುವ ರಾಜಿಯೇ. ನಡೆಯಲು ಒಂದಿಷ್ಟು ಬಿಡಿ, ಮಿಕ್ಕದ್ದರಲ್ಲಿ ಏನಾದರೂ ಮಾಡಿಕೊಳ್ಳಿ.

ಇದನ್ನೆಲ್ಲ ಓದಿ ಅಲ್ಲಿ ಸ್ವರ್ಗವಿತ್ತು ಎಂದುಕೊಳ್ಳಬೇಡಿ. ಅಂಗಡಿಯ ಮೇಲೆ ಒಂದೇ ಸಂಸಾರ ಇದ್ದದ್ದು ಉಳ್ಳವರ ಮನೆಗಳಲ್ಲಿ. ಬಂದರಿನ ಕೂಲಿಗಳು, ರಿಕ್ಷಾ ಎಳೆಯುವವರು ಇದ್ದ ಬೀದಿಗಳಲ್ಲಿ ಮಹಡಿಯನ್ನು ಹಲಗೆ ಅಡ್ಡಹಾಕಿ ಗೂಡುಗಳಾಗಿ ಸೀಳಿ, ಗೂಡಿಗೊಂದು ಸಂಸಾರದಂತೆ ಬಾಡಿಗೆಗೆ ಕೊಡುತ್ತಿದ್ದರು. ನಡುವಿನ ಗೂಡುಗಳಿಗೆ ಕಿಟಕಿಯೇ ಇಲ್ಲ. 1907ರಲ್ಲಿ ಡಾ. ಸಿಂಪ್ಸನ್ ಎಂಬ ಆರೋಗ್ಯ ತಜ್ಞ ಸಿಂಗಪುರದ ನೈರ್ಮಲ್ಯದ ಬಗ್ಗೆ ವರದಿ ಕೊಟ್ಟ. ಈತ ಅದಕ್ಕೆ ಮೊದಲು ಕಲ್ಕತ್ತೆಯ ಆರೋಗ್ಯಾಧಿಕಾರಿಯಾಗಿದ್ದವನು, ಕಿಕ್ಕಿರಿದ ಕೇರಿಗಳನ್ನು ಕಣ್ಣಾರೆ ಕಂಡವನು. ಮನೆಗಳ ಬೆನ್ನಿಗೆ ಬೆನ್ನು ತಾಗಿದೆ, ಗಾಳಿಯಿಲ್ಲ, ಮಲ ಹೊರುವವರು ಅಂಗಡಿಯೊಳಗಿಂದಲೇ ಓಡಾಡಬೇಕಾಗಿದೆ, ಹಿಂದೆ ಓಣಿ ಬಿಡಿಸಿ ಎಂದ. ಆಮೇಲೆ ಅನೇಕ ಕಡೆ ಮನೆಗಳ ಹಿಂಭಾಗ ಕಡಿದು ಓಣಿ ಮಾಡಿದರು. 1950ರ ದಶಕದಲ್ಲಿಯೂ ಪರಿಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. ಸಿಂಗಪುರದ ಅಪ್ಪರ್ ನಾನ್‌ಕಿನ್ ಸ್ಟ್ರೀಟ್ ಎಂಬ ಒಂದೇ ಬೀದಿಯ ಗೂಡುಗಳ ಬಗ್ಗೆ ಬ್ಯಾರಿಂಗ್‌ಟನ್ ಕೇ ಎಂಬಾತ ಒಂದು ಪುಸ್ತಕವನ್ನೇ ಬರೆದ, 1960ರಲ್ಲಿ. ಆ ಗೂಡುಗಳಲ್ಲಿ ಹುಟ್ಟಿದವರು ಸರ್ಕಾರಿ ಫ್ಲ್ಯಾಟಿನ ಬೀಗದ ಕೈ ಸಿಕ್ಕಾಗ ಹಿಂತಿರುಗಿ ನೋಡದೆ ಹೋಗಿದ್ದರೆ ಅವರನ್ನು ಯಾರೂ ದೂರುವಂತಿಲ್ಲ.

ಈಗ ಪೆನಾಂಗಿಗೆ ಬರೋಣ. ಕಥೆಯ ತಿರುವು ಇರುವುದು ಅಲ್ಲಿ. 1786ರಲ್ಲಿ ಫ್ರಾನ್ಸಿಸ್ ಲೈಟ್ ಈಸ್ಟ್ ಇಂಡಿಯಾ ಕಂಪೆನಿಗಾಗಿ ಆ ದ್ವೀಪದಲ್ಲಿ ಜಾರ್ಜ್ ಟೌನ್ ಪತ್ತನ ಸ್ಥಾಪಿಸಿದ. ಚೀನೀಯರು, ತಮಿಳು ಮುಸಲ್ಮಾನರು, ಚೆಟ್ಟಿಯಾರರು, ಅರಬರು, ಅಚೆ ನಾಡಿನವರು ಪಕ್ಕಪಕ್ಕದ ಬೀದಿಗಳಲ್ಲಿ ನೆಲೆಸಿದರು. ಮಹಾಯುದ್ಧ ಮುಗಿದ ಮೇಲೆ ಮನೆಗಳ ಅಭಾವ ಬಂತು, ಬಾಡಿಗೆ ಏರಿಸಬಾರದೆಂಬ ಕಾನೂನು ಬಂತು. 1966ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ 1948ರ ಜನವರಿ ಮುಗಿಯುವುದರೊಳಗೆ ಕಟ್ಟಿದ ಕಟ್ಟಡಗಳಿಗೆಲ್ಲ ಬಾಡಿಗೆಗೆ ಬೇಲಿ. ಒಡೆಯನಿಗೆ ಬರುವ ಬಾಡಿಗೆ ಹೆಂಚು ಕೈಯಾಡಿಸಲೂ ಸಾಲದು. ಅವನು ರಿಪೇರಿ ಮಾಡಿಸಲಿಲ್ಲ. ಬಾಡಿಗೆದಾರನೂ ಮಾಡಿಸಲಿಲ್ಲ, ಮನೆ ಅವನದಲ್ಲವಲ್ಲ. ಗೋಡೆಯ ಬಿರುಕಿನಲ್ಲಿ ಆಲದ ಗಿಡ ಬೆಳೆಯಿತು.

ಆದರೆ ಅದೇ ಕಾನೂನು ಇನ್ನೊಂದು ಕೆಲಸ ಮಾಡಿತು. ಬಾಡಿಗೆದಾರನನ್ನು ಎಬ್ಬಿಸಿ ಬಹುಮಹಡಿ ಕಟ್ಟುವುದು ಒಡೆಯನಿಗೆ ಸುಲಭವಿರಲಿಲ್ಲ. ಆದ್ದರಿಂದ ಬೀದಿಗಳು ಇದ್ದ ಹಾಗೇ ಉಳಿದವು. ಬಾಡಿಗೆ ಕಡಿಮೆಯಾದ್ದರಿಂದ ಲಾಭ ಕಡಿಮೆಯ ಕಸುಬುಗಳೂ ಉಳಿದವು. ಊದುಬತ್ತಿ ಹೊಸೆಯುವವರು, ಬೆತ್ತ ಹೆಣೆಯುವವರು, ಹೆಸರು ಹಲಗೆ ಕೆತ್ತುವವರು, ತಗಡಿನ ಕೆಲಸದವರು, ಸತ್ತವರಿಗಾಗಿ ಸುಡುವ ಕಾಗದದ ಮನೆ ಕಾರುಗಳನ್ನು ಮಾಡುವವರು ಎಲ್ಲರೂ ಅಜ್ಜನ ಕಾಲದ ಬಾಡಿಗೆಯಲ್ಲಿ ಕೆಳಗೆ ಕೆಲಸ ಮಾಡಿ ಮೇಲೆ ಮಲಗಿದರು. ಮನೆಯನ್ನು ಶಿಥಿಲ ಮಾಡಿದ ಕಾನೂನೇ ಬೀದಿಯನ್ನು ಜೀವಂತ ಇಟ್ಟಿತು. ಪಾರಂಪರಿಕ ಕಟ್ಟಡ ಎಂದು ಸಲೀಸಾಗಿ ಭಾಷಣ ಮಾಡುವವರು ಈ ಪೇಚನ್ನು ಕೊಂಚ ಯೋಚಿಸಬೇಕು.

1997ರಲ್ಲಿ ಮಲೇಶಿಯಾ ಈ ಕಾಯಿದೆಯನ್ನು ರದ್ದು ಮಾಡಿತು. 1999ರ ಕೊನೆಯವರೆಗೆ ಗಡುವು. 2000ದ ಜನವರಿ ಒಂದರಿಂದ ಒಡೆಯ ಕೇಳಿದ್ದೇ ಬಾಡಿಗೆ. ಎಷ್ಟೋ ಪಟ್ಟು ಏರಿದ ಬಾಡಿಗೆಯನ್ನು ಕೊಡಲಾರದ ಮುದುಕರು, ಸಣ್ಣ ಕಸುಬಿನವರು ಮನೆ ಬಿಟ್ಟರು. ತಮಾಷೆ ಎಂದರೆ, ಖಾಲಿಯಾದ ಮನೆಗಳಿಗೆ ಹೊಸ ಬಾಡಿಗೆದಾರರೂ ಕೂಡಲೇ ಬರಲಿಲ್ಲ. ಕೆಲವಕ್ಕೆ ಬಂದವರು ಹಕ್ಕಿಗಳು! ಚೀನೀಯರು ಸೂಪು ಮಾಡಿ ಕುಡಿಯುವ, ಬೆಳ್ಳಿಯ ಬೆಲೆ ಬಾಳುವ ಒಂದು ಜಾತಿಯ ಬಾನಾಡಿಯ ಗೂಡಿದೆ. ಅದಕ್ಕಾಗಿ ಮನೆಯ ಕಿಟಕಿಗಳನ್ನು ಮುಚ್ಚಿ, ಹಕ್ಕಿ ನುಗ್ಗುವಷ್ಟು ಕಂಡಿ ಬಿಟ್ಟು, ಧ್ವನಿವರ್ಧಕದಲ್ಲಿ ಹಗಲೆಲ್ಲ ಹಕ್ಕಿಯ ಚಿಲಿಪಿಲಿ ಹಾಕಿ, ಒಳಗೆ ತೇವ ಕಾಯ್ದುಕೊಂಡು ಗೂಡು ಕಟ್ಟಿಸತೊಡಗಿದರು. ಮರ ಕೊಳೆಯಿತು, ಪಕ್ಕದ ಮನೆಯವರಿಗೆ ನಿದ್ದೆಯಿಲ್ಲ. ಅಂಗಡಿಮನೆಯಲ್ಲಿ ಅಂಗಡಿಯೂ ಹೋಗಿ ಮನೆಯೂ ಹೋಗಿ ಹಕ್ಕಿಗೂಡು ಉಳಿಯಿತು.

2008ರ ಜುಲೈಯಲ್ಲಿ ಯುನೆಸ್ಕೊ ಜಾರ್ಜ್ ಟೌನ್ ಮತ್ತು ಮಲಕ್ಕಾಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜಾರ್ಜ್ ಟೌನಿನಲ್ಲಿ ಸುಮಾರು 260 ಹೆಕ್ಟೇರ್ ಜಾಗಕ್ಕೆ ರಕ್ಷಣೆ ಸಿಕ್ಕಿತು. ಹಕ್ಕಿ ಸಾಕಣೆಯನ್ನು ಆ ಭಾಗದಿಂದ ಎತ್ತಿಸಲು ಸರ್ಕಾರ ಮುಂದಾಯಿತು. 2009ರಲ್ಲಿ ಹುಟ್ಟಿದ 'ಥಿಂಕ್ ಸಿಟಿ' ಸಂಸ್ಥೆ ರಿಪೇರಿಗೆ ಧನಸಹಾಯ ಕೊಟ್ಟಿತು. ರಿಪೇರಿಯ ವಿದ್ಯೆಯೂ ಮರಳಿ ಬಂತು. ಹಳೆಯ ಸುಣ್ಣದ ಗೋಡೆ ನೆಲದ ತೇವ ಹೀರಿ ಹೊರಗೆ ಬಿಡುತ್ತದೆ, ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿ ಇಟ್ಟಿಗೆ ಪುಡಿಯಾಗುತ್ತದೆ ಎಂಬುದನ್ನು ಜನ ಹೊಸದಾಗಿ ಕಲಿಯಬೇಕಾಯಿತು. ಅಂದ ಹಾಗೆ, ಸಿಂಗಪುರದ ಸೇಂಟ್ ಆಂಡ್ರೂಸ್ ಚರ್ಚನ್ನು ಕಟ್ಟಿದವರು ಭಾರತದಿಂದ ಸಾಗಿಸಿದ ಕೈದಿಗಳು. ಅದಕ್ಕೆ ಬಳಿದ 'ಮದರಾಸು ಗಾರೆ'ಗೆ ಸುಣ್ಣದ ಜೊತೆ ಮೊಟ್ಟೆಯ ಬಿಳಿ, ಸಕ್ಕರೆ, ತೆಂಗಿನ ಸಿಪ್ಪೆ ನೆನೆಸಿದ ನೀರು ಸೇರಿಸಿದ್ದರು. ನಮ್ಮ ಹಳೆಯ ಗಾರೆಯವರಿಗೆ ಈ ಪಾಕ ಹೊಸದಲ್ಲ.

ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು ಬಂದರು. 2012ರಲ್ಲಿ ಅರ್ನೆಸ್ಟ್ ಝಕಾರೆವಿಚ್ ಎಂಬ ಕಲಾವಿದ ಅರ್ಮೇನಿಯನ್ ಸ್ಟ್ರೀಟಿನ ಗೋಡೆಯ ಮೇಲೆ ಸೈಕಲ್ ತುಳಿಯುವ ಇಬ್ಬರು ಮಕ್ಕಳ ಚಿತ್ರ ಬರೆದ, ಸೈಕಲ್ ಮಾತ್ರ ನಿಜವಾದದ್ದು. ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಸಾಲು. ಬೆಲೆ ಏರಿತು. ತಗಡಿನ ಕೆಲಸದವನು ಇದ್ದಲ್ಲಿ ಕಾಫಿ ಹೋಟೆಲು, ಸಂಸಾರ ಇದ್ದಲ್ಲಿ ನಾಲ್ಕು ಕೋಣೆಯ ವಸತಿಗೃಹ. ಗೋಡೆ ಗಟ್ಟಿ, ಬಣ್ಣ ಹೊಸದು, ತೊಟ್ಟಿಯಲ್ಲಿ ತಾವರೆಯ ಕುಂಡ. ಯುನೆಸ್ಕೊ ಮೆಚ್ಚಿದ್ದು ಕಟ್ಟಡವನ್ನಷ್ಟೇ ಅಲ್ಲ, ಬೇರೆ ಬೇರೆ ಜನ ಒಂದೇ ಊರಿನಲ್ಲಿ ಬಾಳಿದ ರೀತಿಯನ್ನು. ಆ ಜನರನ್ನು ಉಳಿಸಿಕೊಳ್ಳಲು ಮಾತ್ರ ಪಟ್ಟಿಯಲ್ಲಿ ಉಪಾಯವಿಲ್ಲ.

ಸಿಂಗಪುರ ಈ ದಾರಿಯನ್ನು ಮೊದಲೇ ನಡೆದು ಮುಗಿಸಿದೆ. ಅಲ್ಲಿ ಮೊದಲು ಜನರನ್ನು ಫ್ಲ್ಯಾಟುಗಳಿಗೆ ಸಾಗಿಸಿದರು, 1983ರಲ್ಲಿ ನದಿಯಿಂದ ಸರಕು ದೋಣಿಗಳನ್ನು ಎತ್ತಿಸಿದರು, 1989ರಲ್ಲಿ ಚೈನಾಟೌನ್, ಲಿಟಲ್ ಇಂಡಿಯಾ, ಬೋಟ್ ಕೀ ಮುಂತಾದ ಭಾಗಗಳನ್ನು ಸಂರಕ್ಷಿತವೆಂದು ಸಾರಿದರು. ಕೆಲಸ ಅಚ್ಚುಕಟ್ಟು, ಅದನ್ನು ಒಪ್ಪಬೇಕು. ಅಲ್ಲಿ ಇಂದು ಏಳು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಸಂರಕ್ಷಿತ, ಅವುಗಳಲ್ಲಿ ಬಹುಪಾಲು ಅಂಗಡಿಮನೆಗಳೇ. ಅವುಗಳಲ್ಲಿ ಕಂಪೆನಿ ಕಚೇರಿಗಳಿವೆ, ಮದ್ಯದಂಗಡಿಗಳಿವೆ. ಕೆಳಗೆ ಮಾರಿ ಮೇಲೆ ಮಲಗುವವರನ್ನು ದೀಪ ಹಿಡಿದು ಹುಡುಕಬೇಕು.

ನನ್ನ ಮಟ್ಟಿಗೆ, ಕೊಳೆತು ಬೀಳುವುದಕ್ಕಿಂತ ಕಾಫಿ ಹೋಟೆಲು ಆಗುವುದು ಮೇಲು. ಆದರೆ ಬೀದಿಗೆ ಹತ್ತು ಕಾಫಿ ಹೋಟೆಲು ಸಾಕು, ಇಪ್ಪತ್ತು ಬೇಡ. ಜಾರ್ಜ್ ಟೌನಿನಲ್ಲಿ ಇದನ್ನು ತಡೆಯಬಲ್ಲವರು ಇನ್ನೂ ಇದ್ದಾರೆ. ಅಲ್ಲಿ ಸಾಲುಸಾಲು ಮನೆಗಳು ಒಬ್ಬೊಬ್ಬರ ಸ್ವಂತ ಆಸ್ತಿಯಲ್ಲ. ಚೀನೀ ಕುಲಸಂಘಗಳಾದ 'ಕೊಂಗ್ಸಿ'ಗಳಿಗೆ, ಗುಡಿಗಳಿಗೆ, ಮಸೀದಿಯ ವಕ್ಫ್‌ಗೆ ಸೇರಿದವು. ತಮ್ಮವರಿಗೆ ತಲೆಯ ಮೇಲೊಂದು ಸೂರು ಇರಲಿ ಎಂದು ಅಜ್ಜಂದಿರು ಬಿಟ್ಟುಹೋದ ಆಸ್ತಿ. ಊದುಬತ್ತಿಯವನಿಗೆ ಒಂದು ಬಾಡಿಗೆ, ವಸತಿಗೃಹದವನಿಗೆ ಇನ್ನೊಂದು ಬಾಡಿಗೆ ಎಂದು ಅವರು ಮನಸ್ಸು ಮಾಡಿದರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಖಾಸಗಿ ಒಡೆಯನಿಂದ ಇದನ್ನು ಬಯಸಲಾಗದು. ಸಂಘಗಳಿಂದ ಬಯಸಬಹುದು. ಅವೂ ಬಾಡಿಗೆ ಏರಿಸುವುದರಲ್ಲಿ ಹಿಂದೆ ಬಿದ್ದಿಲ್ಲ ಎಂಬುದೂ ನಿಜವೇ.

ಈಗ ನಮ್ಮ ಕಡೆಯಿಂದ ಸಿಂಗಪುರ–ಮಲೇಶಿಯಾ ಪ್ರವಾಸ ಹೋಗಿಬರುವವರು ಬಹಳ. ಟೂರಿನವರು ಎತ್ತರದ ಗೋಪುರಗಳನ್ನು ತೋರಿಸಿ ಕರೆತರುತ್ತಾರೆ. ಒಂದು ದಿನ ಬಿಡುವಾದರೆ ಪೆನಾಂಗಿಗೋ ಮಲಕ್ಕಾಕ್ಕೋ ಹೋಗಿ. ಮಲಕ್ಕಾದ ಹೀರೆನ್ ಸ್ಟ್ರೀಟಿನಲ್ಲಿ 8ನೇ ನಂಬರಿನ ಮನೆಯನ್ನು ಡಚ್ಚರ ಕಾಲದ್ದು ಎನ್ನುತ್ತಾರೆ. ರಿಪೇರಿ ಹೇಗಿರಬೇಕು ಎಂಬುದಕ್ಕೆ ಮಾದರಿಯಾಗಲಿ ಎಂದೇ ಮಲೇಶಿಯಾದ ಪರಂಪರೆ ಸಂಸ್ಥೆ ಅದನ್ನು ಸರಿಪಡಿಸಿತು. ಜಾರ್ಜ್ ಟೌನಿನಲ್ಲಾದರೆ ಬೆಳಿಗ್ಗೆ ಬೇಗ, ಕಾಫಿ ಹೋಟೆಲುಗಳು ತೆರೆಯುವ ಮೊದಲು ಹೊರಡಿ. ಐದಡಿ ಜಗಲಿಯ ಮೇಲೇ ನಡೆಯಿರಿ, ಮೆಟ್ಟಿಲುಗಳು ಏರುಪೇರು, ಕಾಲ ಕೆಳಗೆ ಗಮನವಿರಲಿ. ಕಂಬದ ಕೆಂಪು ಪೆಟ್ಟಿಗೆಯಲ್ಲಿ ಊದುಬತ್ತಿ ಹೊಗೆಯಾಡುತ್ತಿದ್ದು, ಮೇಲಿನ ಕಿಟಕಿಯಿಂದ ಬಿದಿರು ಗಳುವಿನಲ್ಲಿ ಒಗೆದ ಬಟ್ಟೆ ಚಾಚಿಕೊಂಡಿದ್ದರೆ ಆ ಮನೆಯ ಅಂಗಡಿಯಲ್ಲಿ ಏನಾದರೂ ಕೊಂಡುಕೊಳ್ಳಿ. ಬೆತ್ತದ ಬುಟ್ಟಿ ವಿಮಾನದಲ್ಲಿ ತರಲು ತೊಂದರೆಯೇನಿಲ್ಲ.