ಮೀನಿನ ಮರಿಗಳ ಪಾಲನೆ: ಕೆರೆಗೆ ಬಿಡುವದಕ್ಕಿಂತ ಮೊದಲು ಮಾಡತಕ್ಕದ್ದು

ಬದನೆಯ ಬೀಜವನ್ನು ಯಾವ ಒಕ್ಕಲಿಗನೂ ನೇರವಾಗಿ ಇಡೀ ಹೊಲದಲ್ಲಿ ಎರಚಿ ಬರುವದಿಲ್ಲ. ಬಾವಿಯ ಹತ್ತಿರ ಒಂದು ಮಡಿಯನ್ನು ಹದಮಾಡಿ, ನುಣ್ಣಗಿನ ಗೊಬ್ಬರ ಹಾಕಿ, ಸಂಜೆ ಮುಂಜಾನೆ ನೀರು ಚಿಮುಕಿಸಿ, ಸಸಿ ಗೇಣುದ್ದವಾದ ಮೇಲೆ ಕಿತ್ತು ಹೊಲಕ್ಕೆ ಹಚ್ಚುವನು. ಎಳೆಯದಕ್ಕೆ ಆರೈಕೆ ಬೇಕೆಂಬ ಈ ತಿಳುವಳಿಕೆಯು ಒಕ್ಕಲುತನದಷ್ಟೇ ಹಳೆಯದು. ಆದರೆ ಅದೇ ಒಕ್ಕಲಿಗನು ತನ್ನ ಕೃಷಿಹೊಂಡಕ್ಕಾಗಲಿ, ಅವನ ಊರಿನ ಪಂಚಾಯತಿಯು ತನ್ನ ಕೆರೆಗಾಗಲಿ ಮೀನಿನ ಮರಿಗಳನ್ನು ಬಿಡುವಾಗ ಈ ವಿವೇಕವನ್ನು ಮರೆಯುವದುಂಟು. ಅಕ್ಕಿಯ ಕಾಳಿನಷ್ಟು ಉದ್ದದ ಮರಿಗಳನ್ನು ಚೀಲದಿಂದ ನೇರವಾಗಿ ಕೆರೆಗೆ ಸುರಿಯುವರು. ಬೇಸಿಗೆಯಲ್ಲಿ ಬಲೆ ಬೀಸಿದಾಗ ಏನೂ ಸಿಗದಿದ್ದರೆ ಈ ನೀರು ಮೀನಿಗೆ ಆಗಿಬರುವದಿಲ್ಲವೆಂದು ತೀರ್ಮಾನಿಸುವರು. ಬಹುತರವಾಗಿ ಇದು ನೀರಿನ ದೋಷವಲ್ಲ. ಮಡಿಯಿಲ್ಲದೆ ಬಿತ್ತಿದ್ದರ ದೋಷವು.

ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳಲ್ಲಿ ಈ ತಪ್ಪಿನ ಬೆಲೆ ಬೇರೆ ಕಡೆಗಿಂತ ಹೆಚ್ಚು. ಇಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 600 ಮಿಲಿಮೀಟರು. ಅದರಲ್ಲಿಯೂ ಕೆರೆ ತುಂಬಿಸುವ ಮಳೆಯು ಸೆಪ್ಟೆಂಬರ ಅಕ್ಟೋಬರ ತಿಂಗಳುಗಳಲ್ಲಿಯೇ ಬರುವದು ಹೆಚ್ಚು. ಹೊಸ ಮರಿಗಳಾದರೋ ಜುಲೈ ಅಗಸ್ಟ ತಿಂಗಳುಗಳಲ್ಲಿ ಹೇರಳವಾಗಿ ದೊರೆಯುವವು. ಮಳೆಯನ್ನು ಕಾಯುತ್ತ ಕುಳಿತು, ಕೆರೆ ತುಂಬಿದ ಮೇಲೆ ಸಣ್ಣ ಮರಿಗಳನ್ನು ಬಿಟ್ಟರೆ, ಅವು ಬೆರಳುದ್ದವಾಗುವದಕ್ಕೇ ಎರಡು ಮೂರು ತಿಂಗಳು ಹೋಗುವವು. ಅಷ್ಟರಲ್ಲಿ ಚಳಿ ಬಂದು ಬೆಳವಣಿಗೆ ಕುಂಠಿತವಾಗುವದು. ಮುಂದೆ ಮಾರ್ಚ ಏಪ್ರಿಲ ತಿಂಗಳಲ್ಲಿ ನೀರೇ ಆರುವದು. ನೀರು ನಿಲ್ಲುವದು ಐದಾರು ತಿಂಗಳು ಮಾತ್ರವಾಗಿರುವ ಸೀಮೆಯಲ್ಲಿ ಅದರ ಅರ್ಧ ಕಾಲವನ್ನು ಮರಿಯ ಬಾಲ್ಯಕ್ಕೇ ಕಳೆಯುವದು ಜಾಣತನವಲ್ಲ. ಜುಲೈದಲ್ಲಿಯೇ ಮರಿ ತಂದು, ಒಂದೆರಡು ಗುಂಟೆಯ ಚಿಕ್ಕ ಹೊಂಡದಲ್ಲಿ ಸಾಕಿ, ಕೆರೆ ತುಂಬುವ ಹೊತ್ತಿಗೆ ಮೂರು ನಾಲ್ಕು ಅಂಗುಲದ ಗಟ್ಟಿ ಮರಿಗಳನ್ನು ಸಿದ್ಧವಾಗಿಟ್ಟುಕೊಳ್ಳುವದೇ ಈ ಸೀಮೆಗೆ ತಕ್ಕ ಕ್ರಮವು.

ಒಂದು ಕಾಲಕ್ಕೆ ಇಂಥ ಕ್ರಮವು ಇಲ್ಲಿಯವರಿಗೆ ಸಾಧ್ಯವಿರಲಿಲ್ಲ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ತಾವಾಗಿಯೇ ಮೊಟ್ಟೆಯಿಡುವದಿಲ್ಲ; ಆದಕಾರಣ ಮರಿಗಳನ್ನು ಹೊಳೆಗಳ ಪ್ರವಾಹದಲ್ಲಿ ಹಿಡಿದು ದೂರದಿಂದ ತರಿಸಬೇಕಾಗುತ್ತಿತ್ತು. 1957ನೆಯ ಇಸವಿ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ ಚೌಧುರಿ ಮತ್ತು ಅಲಿಕುನ್ಹಿ ಎಂಬ ಶಾಸ್ತ್ರಜ್ಞರು ಮೀನಿನ ಮಿದುಳಿನ ಕೆಳಗಿರುವ ಒಂದು ಗ್ರಂಥಿಯ ರಸವನ್ನು ತಾಯಿಮೀನಿಗೆ ಚುಚ್ಚಿ, ಕೊಳದಲ್ಲಿಯೇ ಮೊಟ್ಟೆಯಿಡಿಸಿ ತೋರಿಸಿದರು. ಅಂದಿನಿಂದ ಮರಿಗಳ ಅಭಾವವು ನೀಗುತ್ತ ಬಂದಿದೆ. ಈಗ ತುಂಗಭದ್ರಾ ಆಣೆಕಟ್ಟಿನ ಬಳಿಯ ಮೀನುಮರಿ ಕೇಂದ್ರದಂಥ ಸ್ಥಳಗಳಿಂದ ಮರಿಗಳು ಆಮ್ಲಜನಕ ತುಂಬಿದ ಚೀಲಗಳಲ್ಲಿ ಬರುವವು. ಕೊರತೆಯಿರುವದು ಮರಿಗಳದಲ್ಲ, ಅವನ್ನು ಬೆಳಸುವ ಮಡಿಗಳದು.

ಮರಿಗೆ ಮನುಷ್ಯನ ಆರೈಕೆ ಯಾಕೆ ಬೇಕು, ಹೊಳೆಯಲ್ಲಿ ಅದನ್ನು ಯಾರು ಸಾಕುವರು ಎಂದು ಕೆಲವರು ಕೇಳುವದುಂಟು. ಇದಕ್ಕೆ ಉತ್ತರವು ಮೀನಿನ ಜಾತಿಯಲ್ಲಿದೆ. ಗಾಜಿನ ತೊಟ್ಟಿಯಲ್ಲಿ ಅಂದಕ್ಕಾಗಿ ಮೀನು ಸಾಕುವವರು ಸಿಕ್ಲಿಡ್ ಎಂಬ ಕುಲದ ಚಿಕ್ಕ ಮೀನುಗಳನ್ನು ಬಲ್ಲರು. ಅದೇ ಕುಲದ, ಕಿತ್ತಳೆ ಬಣ್ಣದ ಒಂದು ಪುಟ್ಟ ಮೀನು ದಕ್ಷಿಣ ಹಿಂದುಸ್ತಾನದ ಕರಾವಳಿಯ ಹಿನ್ನೀರುಗಳಲ್ಲಿ ಹುಟ್ಟಿ ಬೆಳೆಯುವದು. ಅದರ ತಂದೆತಾಯಿಗಳೆರಡೂ ಮೊಟ್ಟೆಗಳನ್ನು ಕಾಯುವವು, ಹೊರಬಂದ ಮರಿಗಳನ್ನು ತಗ್ಗುಗಳಲ್ಲಿಟ್ಟು ರಕ್ಷಿಸುವವು. ಮರಿಗಳು ತಂದೆತಾಯಿಗಳ ಮೈಮೇಲಿನ ಲೋಳೆಯನ್ನು ಮೆದ್ದು ಮೊದಲ ದಿನಗಳನ್ನು ಕಳೆಯುವವು. ಆಕಳು ಕರುವಿಗೆ ಗಿಣ್ಣದ ಹಾಲು ಕೊಡುವಂತೆಯೇ ಇದು. ಕಾಟ್ಲಾ ರೋಹುಗಳಲ್ಲಿ ಈ ಗುಣವಿಲ್ಲ. ಅವು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಟ್ಟು ಹೊರಟುಹೋಗುವವು. ಲಕ್ಷದಲ್ಲಿ ಕೆಲವು ಬದುಕಿದರೆ ಹೊಳೆಗೆ ಸಾಕು. ಮರಿಯನ್ನು ದುಡ್ಡು ಕೊಟ್ಟು ತಂದವನಿಗೆ ಅಷ್ಟು ಸಾಲದು. ಆ ಮರಿಗೆ ತಂದೆತಾಯಿಗಳಿಲ್ಲದ್ದರಿಂದ ಹೊಂಡದ ಒಡೆಯನೇ ಆ ಸ್ಥಾನದಲ್ಲಿ ನಿಲ್ಲತಕ್ಕದ್ದು.

ಮೊಟ್ಟೆಯೊಡೆದ ಮರಿಯು ತನ್ನ ಹೊಟ್ಟೆಗಂಟಿದ ಭಂಡಾರದಿಂದ ಸುಮಾರು ಮೂರು ದಿನ ಬದುಕುವದು. ಅದು ಮುಗಿದು ಬಾಯಿ ತೆರೆದ ಗಳಿಗೆಯಲ್ಲಿ, ಆ ಬಾಯಿಗೆ ಹಿಡಿಸುವಷ್ಟು ಸಣ್ಣದಾದ ಜೀವಂತ ಆಹಾರವು ಸುತ್ತಲೂ ಇರಬೇಕು. ಗಾಜಿನ ತೊಟ್ಟಿಯವರು ಇದಕ್ಕಾಗಿ ಉಪ್ಪುನೀರಿನ ಒಂದು ಬಗೆಯ ಸೀಗಡಿಯ ಮೊಟ್ಟೆಗಳನ್ನು ನೆನೆಸಿ, ಅದರ ಹಸುಮರಿಗಳನ್ನು ದಿನಕ್ಕೆ ಹಲವು ಸಲ ಚೂರುಚೂರಾಗಿ ಉಣಿಸುವರು. ಒಕ್ಕಲಿಗನಿಗೆ ಈ ಖರ್ಚು ಬೇಡ. ಸೆಗಣಿ ಹಾಕಿದ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ನೀರುಹುಳಗಳು ತಾವಾಗಿಯೇ ಹುಟ್ಟುವವು. ಇವೇ ಮರಿಯ ಗಿಣ್ಣದ ಹಾಲು. ಸಣ್ಣದು, ಜೀವವಿದ್ದದ್ದು, ಸ್ವಲ್ಪಸ್ವಲ್ಪವಾಗಿ ಪದೇ ಪದೇ ದೊರೆಯುವಂಥದು ಎಂಬ ಮೂರು ಗುಣಗಳು ಗಾಜಿನ ತೊಟ್ಟಿಗೂ ಊರ ಹೊಂಡಕ್ಕೂ ಸಮಾನವಾದವು.

ಮಡಿಯ ಸಿದ್ಧತೆಯು ಕಷ್ಟದ್ದಲ್ಲ. ಒಂದು ಗುಂಟೆಯ, ಮೂರು ನಾಲ್ಕು ಅಡಿ ಆಳದ ಹೊಂಡವನ್ನು ಬೇಸಿಗೆಯಲ್ಲಿ ಒಣಗಿಸಿ ಕಳೆ ತೆಗೆಯತಕ್ಕದ್ದು. ಎರೆಯ ನೆಲದಲ್ಲಿ ನೀರು ತಾನೇ ನಿಲ್ಲುವದು. ಗಜೇಂದ್ರಗಡದ ಗುಡ್ಡದ ಬದಿಯ ಮಸಾರಿ ನೆಲದಲ್ಲಿ ತಳಕ್ಕೆ ಹಾಳೆ ಹಾಸಬೇಕಾದೀತು. ಹಾಳೆಯ ಹೊಂಡದ ದಡವು ಜಾರುವದಾದ್ದರಿಂದ ಮಕ್ಕಳೂ ದನಗಳೂ ಬೀಳದಂತೆ ಸುತ್ತಲೂ ಬೇಲಿ ಅವಶ್ಯ. ಮರಿ ಬಿಡುವ ಹದಿನೈದು ದಿನ ಮೊದಲು ಗುಂಟೆಗೆ ಸುಮಾರು 100 ಕಿಲೋ ಹಸಿ ಸೆಗಣಿಯನ್ನು ನೀರಿನಲ್ಲಿ ಕದಡಿ ಹರಡಬೇಕು. ನರಗುಂದದ ಕಡೆಯಲ್ಲಿ ನವಿಲುತೀರ್ಥದ ಕಾಲುವೆಯ ನೀರು ಬಂದಾಗ ತುಂಬಿಕೊಳ್ಳಬಹುದು. ಆದರೆ ಕಾಲುವೆಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟದಿದ್ದರೆ ಕೊರವ ಮೊದಲಾದ ಹಿಂಸ್ರ ಮೀನುಗಳು ಒಳಸೇರಿ ಮರಿಗಳನ್ನೆಲ್ಲ ನುಂಗುವವು. ನೀರಿನ ಮೇಲೆ ಬಂದು ಉಸಿರಾಡುವ ಹುಳಗಳೂ ಮರಿಗಳಿಗೆ ಶತ್ರುಗಳೇ. ಮರಿ ಬಿಡುವ ಹಿಂದಿನ ದಿನ ಅಗ್ಗದ ಖಾದ್ಯ ಎಣ್ಣೆ ಸುಮಾರು 560 ಗ್ರಾಮು, ಸಾಬೂನು 180 ಗ್ರಾಮು ಕೂಡಿಸಿ ಕಲಕಿ ಗಾಳಿಯಿಲ್ಲದ ಹೊತ್ತಿನಲ್ಲಿ ಗುಂಟೆಯ ಮೇಲೆ ಚಿಮುಕಿಸಿದರೆ, ನೀರಿನ ಮೇಲೆ ಪದರು ಕಟ್ಟಿ ಆ ಹುಳಗಳು ಉಸಿರುಕಟ್ಟಿ ಸಾಯುವವು.

ಎರೆಯ ಸೀಮೆಯ ಹಲವು ಬಾವಿಗಳ ನೀರು ಸವಳು. ಆದಕಾರಣ ಮರಿಗಳ ಚೀಲವನ್ನು ಒಡೆಯುವ ಮೊದಲು ನಾಲ್ಕಾರು ಮರಿಗಳನ್ನು ಹೊಂಡದ ನೀರು ತುಂಬಿದ ಅಗಲ ಬಾಯಿಯ ಪಾತ್ರೆಯಲ್ಲಿ ಬಿಟ್ಟು ನೋಡುವದು ಒಳ್ಳೆಯದು. ಸಾಧ್ಯವಾದರೆ ಹಿಂದಿನ ದಿನವೇ ಕೆಲವು ಮರಿಗಳನ್ನು ತರಿಸಿ ಒಂದು ರಾತ್ರಿ ಇಟ್ಟು ನೋಡಿದರೆ ಇನ್ನೂ ಒಳ್ಳೆಯದು. ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ಹೊರಗಿನ ನೀರಿನ ಬಿಸುಪು ಸಮವಾದ ಮೇಲೆ, ತಂಪು ಹೊತ್ತಿನಲ್ಲಿ ಮರಿಗಳನ್ನು ನಿಧಾನವಾಗಿ ಹೊರಬಿಡತಕ್ಕದ್ದು. ಪಳಗಿದವರು ಗುಂಟೆಗೆ 30ರಿಂದ 50 ಸಾವಿರ ಹಸುಮರಿಗಳನ್ನು ಬಿಡುವರು. ಹೊಸಬರಿಗೆ 25 ಸಾವಿರವೇ ಸಾಕು.

ನೀರುಹುಳಗಳ ಜೊತೆಗೆ ಮರುದಿನದಿಂದಲೇ ಕೈಯಿಂದಲೂ ಮೇವು ಕೊಡಬೇಕು. ಶೇಂಗಾ ಹಿಂಡಿಯನ್ನೂ ಅಕ್ಕಿಯ ತೌಡನ್ನೂ ಸಮಭಾಗ ಕೂಡಿಸಿ, ಕುಟ್ಟಿ ಸಣ್ಣ ಸಾಣಿಗೆಯಲ್ಲಿ ಹಿಡಿದು, ದಿನಕ್ಕೆ ಎರಡು ಸಲ ಎರಚತಕ್ಕದ್ದು. ಪ್ರಮಾಣವು ಲಕ್ಷ ಮರಿಗಳಿಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಮು, ಮುಂದಿನ ಹತ್ತು ದಿನ ದಿನಕ್ಕೆ 1200 ಗ್ರಾಮು. ಎತ್ತಿಗೆ ಸಾಲದ ಹಿಂಡಿಯನ್ನು ಮೀನಿಗೆ ಹಾಕುವದೇ ಎಂದು ಕೇಳುವವರು ಇಲ್ಲಿ ಲೆಕ್ಕ ಮಾಡಿ ನೋಡಲಿ. 25 ಸಾವಿರ ಮರಿಗಳಿಗೆ ಹದಿನೈದು ದಿನಗಳಲ್ಲಿ ಹತ್ತುವದು ಒಟ್ಟು ಪೌಣೆ ನಾಲ್ಕು ಕಿಲೋ. ಅದರಲ್ಲಿ ಹಿಂಡಿಯು ಎರಡು ಕಿಲೋಕ್ಕೂ ಕಡಿಮೆ. ಇಷ್ಟರಿಂದ ಯಾವ ಎತ್ತೂ ಉಪವಾಸ ಬೀಳಲಾರದು.

ಕಡಿಮೆ ಉಣಿಸುವದಕ್ಕಿಂತ ಹೆಚ್ಚು ಉಣಿಸುವದು ಹೆಚ್ಚು ಅಪಾಯಕರವು. ತಿನ್ನದೆ ಉಳಿದ ಹಿಂಡಿ ಕೊಳೆತು ನೀರಿನ ಪ್ರಾಣವಾಯುವನ್ನು ಹೀರುವದು. ಬೆಳಗಿನ ಜಾವ ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅಂದು ಮೇವನ್ನೂ ಸೆಗಣಿಯನ್ನೂ ನಿಲ್ಲಿಸಿ ಹೊಸ ನೀರು ಬಿಡಬೇಕು. ನೀರಿನ ಗುಣವನ್ನು ಅರಿಯಲು ಮೊಳಕೈವರೆಗೆ ಕೈ ಮುಳುಗಿಸಿ ನೋಡುವದು ಸುಲಭೋಪಾಯ: ಅಂಗೈ ಮಸಕಾಗಿ ಮರೆಯಾದರೆ ಹದ ಸರಿಯಿದೆ, ಸ್ವಚ್ಛವಾಗಿ ಕಂಡರೆ ನೀರು ಬಡವು, ಮಣಿಕಟ್ಟಿನಷ್ಟರಲ್ಲಿಯೇ ಕಾಣದಾದರೆ ಗೊಬ್ಬರ ಹೆಚ್ಚಾಯಿತು. ಹತ್ತಿಗೂ ಕಡಲೆಗೂ ಔಷಧ ಹೊಡೆದ ಪಂಪನ್ನು ಈ ನೀರಿನಲ್ಲಿ ತೊಳೆಯಲೇಬಾರದು. ಒಂದು ಸಲದ ಅಲಕ್ಷ್ಯದಿಂದ ಇಡೀ ಮಡಿಯೇ ಹೋಗುವದು.

ಹೀಗೆ ನಡಸಿದರೆ ಹದಿನೈದು ಇಪ್ಪತ್ತು ದಿನಗಳಲ್ಲಿ ಮರಿಯು ಒಂದು ಅಂಗುಲವಾಗುವದು, ಮತ್ತು ಸುಮಾರು ಅರ್ಧದಷ್ಟು ಉಳಿಯುವವು. ಆಮೇಲೆ ಅವನ್ನು ಗುಂಟೆಗೆ 3000ದಂತೆ ನಾಲ್ಕು ಗುಂಟೆಯ ದೊಡ್ಡ ಹೊಂಡಕ್ಕೆ ಬಿಟ್ಟು ಎರಡು ಮೂರು ತಿಂಗಳು ಸಾಕಬೇಕು. 25 ಸಾವಿರದಿಂದ ಹೊರಟವನಿಗೆ ಕೊನೆಯಲ್ಲಿ ಏಳೆಂಟು ಸಾವಿರ ಗಟ್ಟಿ ಮರಿಗಳು ದೊರೆತರೆ, ಎಕರೆಗೆ 2000ದಂತೆ ನಾಲ್ಕು ಎಕರೆ ನೀರಿಗೆ ಅವು ಸಾಕು. ಮಳೆ ಕೈಕೊಟ್ಟು ಆ ವರ್ಷ ಕೆರೆ ತುಂಬದಿದ್ದರೂ ನಷ್ಟವಿಲ್ಲ. ಬಾವಿಯ ನೀರಿನ ಆಸರೆಯಲ್ಲಿ ದಟ್ಟವಾಗಿ ಇಟ್ಟುಕೊಂಡ ಮರಿಗಳು ಮುಂದಿನ ವರ್ಷ ವಿಶಾಲ ನೀರು ಕಂಡೊಡನೆ ಬೇಗನೆ ಬೆಳೆಯುವವು.

ಇನ್ನು ಎರಡು ಆಕ್ಷೇಪಣೆಗಳನ್ನು ಮನಃಪೂರ್ವಕವಾಗಿ ವಿಚಾರಿಸತಕ್ಕದ್ದಿದೆ. ಮೊದಲನೆಯದು ಕುಡಿಯುವ ನೀರಿನದು. ಈ ಭಾಗದ ಎಷ್ಟೋ ಊರುಗಳು ಕೆರೆಯ ನೀರನ್ನೇ ಕುಡಿದಿವೆ. ಅಂಥ ಕೆರೆಗೆ ಸೆಗಣಿಯನ್ನಾಗಲಿ ಹಿಂಡಿಯನ್ನಾಗಲಿ ಹಾಕುವದು ಎಂದಿಗೂ ಸಲ್ಲದು. ಮಡಿಯು ಕೆರೆಯಿಂದ ಬೇರೆಯಾಗಿ, ಅದರ ನೀರು ಕೆರೆಗೆ ಹರಿಯದಂತೆ ಇರಬೇಕು.

ಎರಡನೆಯದು ಧರ್ಮದ್ದು. ಈ ತಾಲೂಕುಗಳಲ್ಲಿ ಮೀನನ್ನು ಮುಟ್ಟದ ಮನೆತನಗಳು ಬಹಳ. ಜೀವಹಿಂಸೆಗೆ ತಾವು ಕಾರಣರಾಗಲಾರೆವೆಂಬ ಅವರ ಮಾತು ಗೌರವಕ್ಕೆ ಯೋಗ್ಯವಾದದ್ದು. ಯಾರ ಹೊಲದ ಹೊಂಡದಲ್ಲಿಯೂ ಅವರ ಮನಸ್ಸಿಗೆ ವಿರುದ್ಧವಾಗಿ ಮೀನು ಸಾಕಿಸುವದು ಯೋಗ್ಯವಲ್ಲ. ಆದರೆ ಪಂಚಾಯತಿಯ ಕೆರೆಯನ್ನು ಊರವರೇ ಗುತ್ತಿಗೆಗೆ ಕೊಟ್ಟು, ಅದರ ಹಣವನ್ನು ಊರ ಕೆಲಸಕ್ಕೆ ಬಳಸುವಲ್ಲಿ ಪ್ರಶ್ನೆಯು ಬೇರೆಯಾಗುವದು. ಅಲ್ಲಿ ಮರಿಗಳನ್ನು ಹೇಗೂ ಬಿಡುತ್ತಾರೆ. ಆರೈಕೆಯಿಲ್ಲದೆ ಬಿಟ್ಟ ಆ ಮರಿಗಳಲ್ಲಿ ಬಹುಪಾಲು ಹಸಿವಿನಿಂದಲೂ ಹುಳಗಳ ಬಾಯಿಂದಲೂ ನಾಲ್ಕು ದಿನಗಳಲ್ಲಿ ಸಾಯುವವು; ಅದರಿಂದ ಯಾರ ಹೊಟ್ಟೆಯೂ ತುಂಬುವದಿಲ್ಲ. ದಯೆಯ ದೃಷ್ಟಿಯಿಂದ ನೋಡಿದರೂ ಕಡಿಮೆ ಮರಿಗಳನ್ನು ತಂದು ಹೆಚ್ಚು ಉಳಿಸುವದೇ ಮೇಲು.

ತಾವು ಮಾಡಲೊಲ್ಲದ ಕೆಲಸವನ್ನು ಬಲ್ಲವರಿಗೆ ಬಿಟ್ಟುಕೊಡುವದು ಊರ ಹಿರಿಯರ ಕೈಯಲ್ಲಿದೆ. ಮೀನು ಹಿಡಿದು ಬಾಳುವ ಕುಟುಂಬಗಳಿಗೆ ಕೆರೆಯ ಕೆಳಗೆ ಐದು ಗುಂಟೆ ಪಂಚಾಯತಿಯ ನೆಲವನ್ನು ಮರಿಯ ಮಡಿಗಾಗಿ ಕೊಡಿಸಬಹುದು. ಗುತ್ತಿಗೆಯ ಅವಧಿಯನ್ನು ಹಲವು ವರ್ಷಗಳಿಗೆ ಗೊತ್ತುಪಡಿಸುವದೂ ಅಷ್ಟೇ ಮುಖ್ಯ. ಒಂದೇ ವರ್ಷಕ್ಕೆ ಸವಾಲು ಹಿಡಿದವನು ಇದ್ದ ಮೀನನ್ನು ಬಳಿದುಕೊಂಡು ಹೋಗುವನೇ ಹೊರತು ಮರಿ ಸಾಕಲಾರನು. ವರ್ಷದ ಲಾವಣಿಯವನು ಹೊಲಕ್ಕೆ ಒಡ್ಡು ಹಾಕದಂತೆಯೇ ಇದು. ಒಂದೊಂದೇ ಊರಿಗೆ ಸಾಧ್ಯವಾಗದಿದ್ದರೆ ನೆರೆಯ ಮೂರು ನಾಲ್ಕು ಊರುಗಳು ಕೂಡಿ, ಬತ್ತದ ಬಾವಿಯಿದ್ದಲ್ಲಿ ಒಂದೇ ಮಡಿಯನ್ನು ನಡಸಬಹುದು.

ಬರುವ ಮುಂಗಾರಿನಲ್ಲಿ ಪ್ರತಿಯೊಂದು ಪಂಚಾಯತಿಯು ಮರಿಗಳಿಗೆ ದುಡ್ಡು ಮಂಜೂರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಹೋದ ವರ್ಷ ಬಿಟ್ಟ ಮರಿಗಳೆಷ್ಟು, ಬಲೆಗೆ ಬಂದ ಮೀನುಗಳೆಷ್ಟು? ಎರಡನ್ನೂ ಒಂದು ವಹಿಯಲ್ಲಿ ಬರೆದಿಟ್ಟರೆ, ದುಡ್ಡನ್ನು ಮರಿಗಳ ಎಣಿಕೆಗೆ ಹಾಕಬೇಕೋ ಅವುಗಳ ಮೊದಲ ಹದಿನೈದು ದಿನಗಳ ಊಟಕ್ಕೆ ಹಾಕಬೇಕೋ ಎಂಬದು ಯಾರ ಉಪದೇಶವೂ ಇಲ್ಲದೆ ತಾನಾಗಿಯೇ ತಿಳಿದುಬರುವದು.