ಇಳಿಜಾರು ಬೇಡದ ಟ್ರಾಕ್ಟರು

ನಮ್ಮ ಕಾಕಾನ ಟ್ರಾಕ್ಟರಿಗೆ ಊರಲ್ಲಿ ಒಂದು ಕಾಯಂ ಜಾಗವಿತ್ತು. ಮನೆಯ ಮುಂದೆ ದೊಡ್ಡ ಅಂಗಳವಿದ್ದರೂ ಅದು ಅಲ್ಲಿ ನಿಲ್ಲುತ್ತಿರಲಿಲ್ಲ. ಅಗಸಿಯ ಹತ್ತಿರದ ಏರಿನ ಮೇಲೆ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು ಕಾಕಾ ಮನೆಗೆ ಬರುತ್ತಿದ್ದರು. ಬೆಳಿಗ್ಗೆ ಕಲ್ಲು ಸರಿಸಿ, ಇಳಿಜಾರಿಗೆ ಬಿಟ್ಟು, ಗೇರಿಗೆ ಹಾಕಿದರೆ ಎಂಜಿನ್ ಎರಡು ಸಲ ಕೆಮ್ಮಿ ಶುರುವಾಗುತ್ತಿತ್ತು. ಹುಕ್ಕೇರಿ ಸೀಮೆಯಲ್ಲಿ ಇಂಥ ಟ್ರಾಕ್ಟರು ನೋಡದವರು ಕಡಿಮೆ. ‘ಬ್ಯಾಟರಿ ಸರಿಯಿಲ್ಲ’ ಎಂದು ಕಾಕಾ ಮೇಲಿಂದ ಮೇಲೆ ಬ್ಯಾಟರಿ ಬದಲಿಸುತ್ತಿದ್ದರು. ಹೊಸದೂ ಕಬ್ಬಿನ ಹಂಗಾಮು ಮುಗಿಯುವುದರೊಳಗೆ ಸೋಲುತ್ತಿತ್ತು. ತಪ್ಪು ಬ್ಯಾಟರಿಯದಲ್ಲ ಎಂದು ತಿಳಿಯಲು ಒಂದು ಅಪಘಾತವೇ ಆಗಬೇಕಾಯಿತು.

ಅಂದು ರಾತ್ರಿ ಕಾಕಾ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಕಾರ್ಖಾನೆಯ ಪಾಳಿಯಲ್ಲಿ ನಿಂತಿದ್ದರು. ಪಾಳಿ ರಸ್ತೆಯವರೆಗೂ ಬೆಳೆದಿತ್ತು. ಎಂಜಿನ್ ಬಂದ್ ಮಾಡಿದರೆ ಮತ್ತೆ ಹತ್ತುವುದಿಲ್ಲವೆಂಬ ಹೆದರಿಕೆಗೆ ಅದನ್ನು ಸಣ್ಣಗೆ ಓಡಿಸುತ್ತಲೇ ಇದ್ದರು. ದೀಪಗಳೂ ಹೊತ್ತಿದ್ದವು. ಆದರೆ ಮೂರು ತಾಸು ಕಳೆಯುವುದರಲ್ಲಿ ಹಿಂದಿನ ಕೆಂಪು ದೀಪ ಬೂದಿ ಮುಚ್ಚಿದ ಕೆಂಡದಂತಾಗಿತ್ತು. ಮೋಟರ್ ಸೈಕಲ್ಲಿನ ಮೇಲೆ ಬಂದ ಹುಡುಗನಿಗೆ ಟ್ರೇಲರ್ ಕಾಣಲೇ ಇಲ್ಲ. ಜೀವ ಉಳಿಯಿತು, ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಕಾಕಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ದಿನ ಸಂಕೇಶ್ವರಕ್ಕೆ ಹೋದೆವು. ಅಲ್ಲಿಯ ಮಿಸ್ತ್ರಿ ಬಾನೆಟ್ ಎತ್ತಿ, ಒಂದು ನಿಮಿಷ ನೋಡಿ ನಕ್ಕರು.

“ಸಾವ್ಕಾರ್ರ, ಬ್ಯಾಟರಿ ಏನ್ ಮಾಡ್ತೈತ್ರಿ? ಉಣ್ಣಾಕ ಕೊಟ್ರ ದುಡೀತೈತಿ. ಈ ಡೈನಮೋ ಗಾಡಿ ಜೋರ್ ಓಡೂ ಮುಂದ ಅಷ್ಟ ನೀಡ್ತೈತಿ. ನಿಂತಾಗ ಉಪಾಸ ಕೆಡವ್ತೈತಿ.”

ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಹಳೆಯ ಡೈನಮೋದಲ್ಲಿ ಅಯಸ್ಕಾಂತದ ಸುರುಳಿ ಸುಮ್ಮನೆ ಕೂತಿರುತ್ತದೆ, ಕರೆಂಟು ಹುಟ್ಟುವ ದಪ್ಪ ಸುರುಳಿ ತಿರುಗುತ್ತದೆ. ಹುಟ್ಟಿದ ಕರೆಂಟೆಲ್ಲ ತಾಮ್ರದ ಕಮ್ಯುಟೇಟರ್ ಮತ್ತು ಕಾರ್ಬನ್ ಬ್ರಶ್‌ಗಳ ಮೂಲಕವೇ ಹೊರಬರಬೇಕು. ಭಾರವಾದ ಆ ಸುರುಳಿಯನ್ನು ಅತಿ ವೇಗವಾಗಿ ತಿರುಗಿಸಿದರೆ ತಂತಿಗಳೇ ಕಿತ್ತು ಬಂದಾವು. ಅದಕ್ಕೇ ಪುಲ್ಲಿಯನ್ನು ದೊಡ್ಡದಾಗಿಟ್ಟು ವೇಗಕ್ಕೆ ಮಿತಿ ಹಾಕಿದ್ದರು. ಪರಿಣಾಮ, ಎಂಜಿನ್ ಮೆಲ್ಲಗೆ ಓಡುವಾಗ ಡೈನಮೋದ ವೋಲ್ಟೇಜ್ ಬ್ಯಾಟರಿಗಿಂತ ಕೆಳಗಿಳಿಯುತ್ತದೆ. ಕಟೌಟ್ ಸಂಪರ್ಕ ಕಡಿಯುತ್ತದೆ. ಆಮೇಲೆ ದೀಪ ಉರಿಯುವುದೆಲ್ಲ ಬ್ಯಾಟರಿಯ ಗಂಟಿನಿಂದ.

ಆಲ್ಟರ್ನೇಟರ್ ಈ ಸಂಸಾರವನ್ನು ತಿರುವುಮುರುವು ಮಾಡಿತು. ಇಲ್ಲಿ ತಿರುಗುವುದು ಅಯಸ್ಕಾಂತ, ಕೂತಿರುವುದು ಕರೆಂಟು ಹುಟ್ಟುವ ಸುರುಳಿ. ಬ್ರಶ್‌ಗಳ ಮೂಲಕ ಹೋಗುವುದು ಅಯಸ್ಕಾಂತಕ್ಕೆ ಬೇಕಾದ ಮೂರು ನಾಲ್ಕು ಆಂಪಿಯರ್ ಮಾತ್ರ. ಆದ್ದರಿಂದ ಸಣ್ಣ ಪುಲ್ಲಿ ಹಾಕಿ ಎಂಜಿನ್ನಿನ ಎರಡು ಮೂರು ಪಟ್ಟು ವೇಗದಲ್ಲಿ ತಿರುಗಿಸಬಹುದು. ಕಾಕಾನ ಡೈನಮೋ ಭರ್ತಿ ಓಡಿದರೂ 22 ಆಂಪಿಯರ್ ದಾಟುತ್ತಿರಲಿಲ್ಲ. ಹೊಸದು 35 ಆಂಪಿಯರಿನದು. ಅದಕ್ಕಿಂತ ಮುಖ್ಯ, ಗಾಡಿ ನಿಂತು ಎಂಜಿನ್ ಗುಡುಗುಡು ಎನ್ನುತ್ತಿರುವಾಗಲೂ ಅದು ಕರೆಂಟು ಕೊಡುತ್ತದೆ.

ತಮಾಷೆಯೆಂದರೆ ಹೊಸತೆಂದು ನಾವು ಕೊಂಡದ್ದೇ ಮೂಲದಲ್ಲಿ ಹಳೆಯದು. 1831ರಲ್ಲಿ ಫ್ಯಾರಡೆ ಅಯಸ್ಕಾಂತದಿಂದ ಕರೆಂಟು ಹುಟ್ಟಿಸುವ ಬಗೆ ಕಂಡುಹಿಡಿದ. ಮರುವರ್ಷ ಪ್ಯಾರಿಸ್ಸಿನ ಪಿಕ್ಸಿ ಎಂಬಾತ ಅಯಸ್ಕಾಂತವನ್ನೇ ತಿರುಗಿಸುವ ಯಂತ್ರ ಮಾಡಿದ. ಅದು ಕೊಟ್ಟದ್ದು ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟು. ಅದನ್ನು ಏನು ಮಾಡಬೇಕೋ ಆಗ ಯಾರಿಗೂ ತಿಳಿಯದೆ, ಆಂಪಿಯರ್‌ನ ಸಲಹೆಯಂತೆ ಕಮ್ಯುಟೇಟರ್ ಜೋಡಿಸಿ ಒಂದೇ ದಿಕ್ಕಿಗೆ ಹರಿಸಿದ. 1969ರಲ್ಲಿ ಸ್ಥಾಪನೆಯಾದ ನಮ್ಮ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ತಂತಿಗಳಲ್ಲಿ ಪಂಪ್‌ಸೆಟ್ಟಿಗೆ ಬರುವುದೂ ಎಸಿಯೇ. ಆದರೆ ಬ್ಯಾಟರಿಗೆ ಎಸಿ ಒಗ್ಗದು. ಸಿಲಿಕಾನ್ ಡಯೋಡ್ ಅಗ್ಗವಾದ ಮೇಲೆಯೇ, ಅಂದರೆ 1960ರ ದಶಕದಲ್ಲಿ, ವಾಹನಗಳಲ್ಲಿ ಆಲ್ಟರ್ನೇಟರ್ ಬಳಕೆಗೆ ಬಂದದ್ದು. ಅದರೊಳಗಿನ ಆರು ಡಯೋಡ್‌ಗಳು ಬಾಗಿಲು ಕಾಯುವ ಆಳುಗಳಿದ್ದಂತೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತವೆ.

ಈ ಆಳುಗಳು ಬಲು ನಾಜೂಕು. ಬದಲಾವಣೆ ಮಾಡಿಸುವವರು ಎಡವುವುದು ಇಲ್ಲಿಯೇ. ಬ್ರಿಟಿಷ್ ಮಾದರಿಯ ಹಲವು ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಕೂಡಿರುತ್ತದೆ. ಸಾಮಾನ್ಯ ಆಲ್ಟರ್ನೇಟರಿಗೆ ಮೈನಸ್ ಬಾಡಿಗೆ ಬರಬೇಕು. ನೋಡದೆ ಜೋಡಿಸಿದರೆ ಡಯೋಡ್‌ಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಬ್ಯಾಟರಿ ತಿರುಗಿಸಿದಾಗ ಆಂಪಿಯರ್ ಮೀಟರಿನ ಎರಡು ತಂತಿಗಳನ್ನೂ ಅದಲುಬದಲು ಮಾಡಬೇಕು. ಹಳೆಯ ರೆಗ್ಯುಲೇಟರ್ ಡಬ್ಬಿ ಇನ್ನು ಬೇಡ. ಆಲ್ಟರ್ನೇಟರಿನಿಂದ ಬ್ಯಾಟರಿಗೆ ದಪ್ಪ ತಂತಿಯನ್ನೇ ಎಳೆಯಬೇಕು, ಹಳೆಯ ತಂತಿ ಕಾದೀತು. ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಬಲ್ಬನ್ನು ‘ಯಾಕೆ ಬೇಕು’ ಎಂದು ಬಿಡುವಂತಿಲ್ಲ. ಬಹಳಷ್ಟು ಮಾದರಿಗಳಲ್ಲಿ ಅಯಸ್ಕಾಂತಕ್ಕೆ ಮೊದಲ ಕರೆಂಟು ಹೋಗುವುದೇ ಅದರ ಮೂಲಕ. ಕೆಲವು ಟ್ರಾಕ್ಟರುಗಳಲ್ಲಿ ತಾಸಿನ ಮೀಟರಿನ ಕೇಬಲ್ ಡೈನಮೋದ ಹಿಂಬದಿಯಿಂದ ಬಂದಿರುತ್ತದೆ, ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಬುಲ್ಡೋಜರಿನಂಥ ಭಾರಿ ಯಂತ್ರಗಳಲ್ಲಿ 24 ವೋಲ್ಟ್ ಇರುವುದು ಹೆಚ್ಚು, ಟ್ರಾಕ್ಟರಿನ 12 ವೋಲ್ಟಿನದನ್ನು ಅಲ್ಲಿ ಕೂಡಿಸಬಾರದು.

ಕೆಲಸ ಮುಗಿದ ಮೇಲೆ ಮಿಸ್ತ್ರಿ ಮೀಟರ್ ಹಚ್ಚಿ ತೋರಿಸಿದರು. ದೀಪವೆಲ್ಲ ಹೊತ್ತಿದ್ದು, ಎಂಜಿನ್ ಮೆಲ್ಲಗೆ ಓಡುತ್ತಿದ್ದರೂ ಬ್ಯಾಟರಿಯ ಮೇಲೆ 13.8 ವೋಲ್ಟ್. ಕಾಕಾನಿಗೆ ಎರಡು ಮಾತು ಹೇಳಿದರು: “ಎಂಜಿನ್ ಓಡೂ ಮುಂದ ಬ್ಯಾಟರಿ ವಾಯರ್ ಬಿಚ್ಚಬ್ಯಾಡ್ರಿ. ಗಾಡಿಗೆ ವೆಲ್ಡಿಂಗ್ ಮಾಡಸೂ ಮುಂದ ಬಿಚ್ಚದ ಬಿಡಬ್ಯಾಡ್ರಿ.”

ಮುಂದಿನ ಹಂಗಾಮಿನಿಂದ ಟ್ರಾಕ್ಟರು ಮನೆಯ ಅಂಗಳದಲ್ಲೇ ನಿಲ್ಲತೊಡಗಿತು. ಅಗಸಿಯ ಕಲ್ಲನ್ನು ಯಾರೋ ಗೋಡೆಗೆ ಒಯ್ದರು. ಆದರೆ ಕರೆಂಟು ಬಂದರೆ ಸಾಲದಲ್ಲ, ಅದು ಕೊನೆಯ ಟ್ರೇಲರಿನ ತುದಿಯನ್ನು ಮುಟ್ಟಬೇಕು. ಕಾಕಾ ಅಂದಿನಿಂದ ಕಾರ್ಖಾನೆಗೆ ಹೊರಡುವ ಮುಂಚೆ ಎಂಜಿನ್ ಓಡಲು ಬಿಟ್ಟು, ಇಳಿದು, ಎರಡೂ ಟ್ರೇಲರ್ ಬಳಸಿ ಹಿಂದೆ ಹೋಗುತ್ತಿದ್ದರು. ಕೆಂಪು ದೀಪದ ಗಾಜನ್ನು ಟಾವೆಲ್ಲಿನಿಂದ ಒರೆಸಿ, ಇಪ್ಪತ್ತು ಹೆಜ್ಜೆ ದೂರ ನಿಂತು ನೋಡಿ, ಆಮೇಲೆಯೇ ಹತ್ತಿ ಕೂಡುತ್ತಿದ್ದರು.