ಹಳೆಯ ವಿಮಾನದಲ್ಲಿ ಹಾರಬಹುದೇ?



ನಿಮ್ಮ ಮನೆಯಲ್ಲಿ ನಲವತ್ತು ವರ್ಷ ಹಳೆಯ ಯಂತ್ರ ಯಾವುದಾದರೂ ಇದೆಯೇ? ಅಜ್ಜಿಯ ಹೊಲಿಗೆ ಯಂತ್ರವೋ ಅಜ್ಜನ ಸೈಕಲ್ಲೋ ಇರಬಹುದು. ಅಷ್ಟೇ ಹಳೆಯ ವಿಮಾನದಲ್ಲಿ ಕುಳಿತು ಹಾರಲು ನೀವು ಸಿದ್ಧರೇ? "ಅಯ್ಯೋ, ಬೇಡಪ್ಪ!" ಎನ್ನುತ್ತೀರಿ ಅಲ್ಲವೇ?

ಆದರೆ ಅಂಥ ವಿಮಾನಗಳು ಇಂದಿಗೂ ಹಾರುತ್ತಿವೆ. ಅಮೆರಿಕದ ಸೆಸ್ನಾ 172 ಎಂಬ ನಾಲ್ಕು ಆಸನಗಳ ಪುಟ್ಟ ವಿಮಾನ ಮೊದಲು ಹಾರಿದ್ದು 1955ರಲ್ಲಿ. ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. 1986ರಿಂದ 1996ರವರೆಗೆ ಇದರ ತಯಾರಿಕೆ ನಿಂತಿತ್ತು. ಅದಕ್ಕೂ ಮೊದಲಿನ ಎಷ್ಟೋ ವಿಮಾನಗಳಲ್ಲಿ ಈಗಲೂ ಹಾರಾಟ ಕಲಿಯುವವರಿದ್ದಾರೆ. ನಮ್ಮ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲೂ ಸೆಸ್ನಾ ವಿಮಾನಗಳಲ್ಲಿ ಹಾರಾಟ ಕಲಿಸಲಾಗಿದೆ.

ನನ್ನ ಅಭಿಪ್ರಾಯ ಇಷ್ಟು: ವಿಮಾನ ಹಳೆಯದಾಯಿತೆಂದು ಹೆದರಬೇಕಿಲ್ಲ. ಅದನ್ನು ತೆರೆದು ನೋಡುವವರು ಇಲ್ಲದಿದ್ದರೆ ಹೆದರಬೇಕು. ಏಕೆಂದು ನೋಡೋಣ.

ದೀಪಗಳು ಹೇಳುವ ಮಾತು

ವಿಮಾನದ ಎಡ ರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲ ರೆಕ್ಕೆಯ ತುದಿಯಲ್ಲಿ ಹಸಿರು ದೀಪ, ಬಾಲದಲ್ಲಿ ಬಿಳಿ ದೀಪ ಇರುತ್ತವೆ. ಕೆಂಪು ಮತ್ತು ಹಸಿರು ದೀಪಗಳ ಬೆಳಕು ತಲಾ 110 ಡಿಗ್ರಿ ಹರಡುತ್ತದೆ, ಬಿಳಿ ದೀಪದ್ದು 140 ಡಿಗ್ರಿ. ಮೂರನ್ನೂ ಕೂಡಿಸಿ ನೋಡಿ. 360 ಆಯಿತಲ್ಲವೇ? ಪೂರ್ತಿ ವೃತ್ತ!

ರಾತ್ರಿ ಹಾರುವ ಪೈಲಟ್‌ಗೆ ದೂರದ ವಿಮಾನದ ಆಕಾರ ಕಾಣುವುದಿಲ್ಲ, ದೀಪಗಳಷ್ಟೇ ಕಾಣುತ್ತವೆ. ಕೆಂಪು ಮಾತ್ರ ಕಂಡರೆ ಆ ವಿಮಾನ ಅವನ ಬಲದಿಂದ ಎಡಕ್ಕೆ ಹೋಗುತ್ತಿದೆ. ಬಿಳಿ ಕಂಡರೆ ದೂರ ಹೋಗುತ್ತಿದೆ. ಕೆಂಪು, ಹಸಿರು ಎರಡೂ ಕಂಡರೆ ನೇರವಾಗಿ ಅವನ ಕಡೆಗೇ ಬರುತ್ತಿದೆ!

ಈಗ ಯೋಚಿಸಿ. ಎದುರಿಗೆ ಬರುವ ವಿಮಾನದ ಹಸಿರು ದೀಪ ಕೆಟ್ಟಿದ್ದರೆ ಏನಾಗುತ್ತದೆ? ಕೆಂಪು ಮಾತ್ರ ಕಾಣುತ್ತದೆ. "ಅದು ಪಕ್ಕಕ್ಕೆ ಹೋಗುತ್ತಿದೆ" ಎಂದು ಪೈಲಟ್ ತಪ್ಪು ತಿಳಿಯಬಹುದು. ಒಂದು ಪುಟ್ಟ ಬಲ್ಬು ಎಂಥ ಸುಳ್ಳು ಹೇಳಿಬಿಟ್ಟಿತು!

ಬಲ್ಬು ಬದಲಿಸಿದರೆ ಸಾಕೇ? ಸಾಲದು. ಇಂಥ ಲೋಹದ ವಿಮಾನಗಳಲ್ಲಿ ಬ್ಯಾಟರಿಯಿಂದ ದೀಪಕ್ಕೆ ತಂತಿಯಲ್ಲಿ ಹೋದ ವಿದ್ಯುತ್ತು ಸಾಮಾನ್ಯವಾಗಿ ವಿಮಾನದ ಅಲ್ಯೂಮಿನಿಯಂ ಮೈಯ ಮೂಲಕವೇ ಹಿಂತಿರುಗುತ್ತದೆ. ವರ್ಷಗಳು ಕಳೆದಂತೆ ತೇವಾಂಶದಿಂದ ಆ ಜೋಡಣೆಯಲ್ಲಿ ಬಿಳಿ ಪುಡಿ ಕಟ್ಟಿಕೊಳ್ಳುತ್ತದೆ. ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆಗ ಹೊಸ ಬಲ್ಬೂ ಮಂಕಾಗಿ ಉರಿಯುತ್ತದೆ. ಒಳ್ಳೆಯ ಮೆಕ್ಯಾನಿಕ್ ಮೀಟರಿನಿಂದ ಅಳೆದು ನೋಡುತ್ತಾನೆ. ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಾಗಿ ಜೋಡಿಸುತ್ತಾನೆ.

ಮುಚ್ಚಳದ ಹಿಂದೆ

ರೆಕ್ಕೆಯ ಕೆಳಗೆ ಸ್ಕ್ರೂ ಹಾಕಿದ ಪುಟ್ಟ ಪುಟ್ಟ ಮುಚ್ಚಳಗಳಿರುತ್ತವೆ. ಇವು ತಪಾಸಣೆಯ ಕಿಟಕಿಗಳು. ವಿಮಾನವನ್ನು ಓರೆಯಾಗಿಸಿ ತಿರುಗಿಸಲು ರೆಕ್ಕೆಯ ಹಿಂಬದಿಯಲ್ಲಿ ಏಲೆರಾನ್ ಎಂಬ ಹಲಗೆ ಇದೆ. ಅದನ್ನು ಆಡಿಸುವ ಉಕ್ಕಿನ ಹಗ್ಗಗಳು ಮತ್ತು ರಾಟೆಗಳು ಈ ಮುಚ್ಚಳಗಳ ಹಿಂದೆ ಅಡಗಿವೆ. ಮೆಕ್ಯಾನಿಕ್ ಟಾರ್ಚು, ಕನ್ನಡಿ ಹಿಡಿದು ಒಳಗೆ ಇಣುಕುತ್ತಾನೆ. ಉಕ್ಕಿನ ಹಗ್ಗದ ಮೇಲೆ ಬಟ್ಟೆಯೊಂದನ್ನು ಸವರುತ್ತಾನೆ. ಒಂದೇ ಒಂದು ಎಳೆ ತುಂಡಾಗಿದ್ದರೂ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎಷ್ಟು ಸರಳ ಪರೀಕ್ಷೆ, ನೋಡಿ! ಒಳಗೆ ಇಲಿ ಗೂಡು ಕಟ್ಟಿದ್ದೂ ಉಂಟು. ಇಲಿಯ ಮೂತ್ರ ಅಲ್ಯೂಮಿನಿಯಂ ಲೋಹವನ್ನು ಕೊರೆಯುತ್ತದೆ. ಹೊರಗಿನಿಂದ ನೋಡಿದರೆ ರೆಕ್ಕೆ ಫಳಫಳ ಹೊಳೆಯುತ್ತಿರುತ್ತದೆ!

"ಚೆನ್ನಾಗಿ ಹಾರುತ್ತಿದೆಯಲ್ಲ, ಸುಮ್ಮನೆ ಏಕೆ ಬಿಚ್ಚಬೇಕು?" ಎಂದು ಕೆಲವರು ಕೇಳುತ್ತಾರೆ. ಆ ಮಾತಿನಲ್ಲೂ ಸ್ವಲ್ಪ ಹುರುಳಿದೆ. ಪದೇ ಪದೇ ಬಿಚ್ಚಿದರೆ ಸ್ಕ್ರೂಗಳು ಸವೆಯುತ್ತವೆ. ಒಳಗೆ ಮರೆತು ಬಿಟ್ಟ ಸ್ಪ್ಯಾನರ್ ಹಗ್ಗಕ್ಕೆ ಅಡ್ಡ ಬಂದು ಅಪಾಯ ತರಬಹುದು. ಅದಕ್ಕಾಗಿಯೇ ಬಿಚ್ಚುವುದಕ್ಕೂ ನಿಯಮವಿದೆ. ಅಮೆರಿಕದಲ್ಲಿ ಇಂಥ ವಿಮಾನಗಳಿಗೆ ಸಾಮಾನ್ಯವಾಗಿ 12 ತಿಂಗಳಿಗೊಮ್ಮೆ ಪೂರ್ಣ ತಪಾಸಣೆ ಆಗಲೇಬೇಕು. ಕೆಲಸ ಮುಗಿದ ಮೇಲೆ ಉಪಕರಣಗಳನ್ನು ಎಣಿಸಿ ಇಡುವುದು ಒಳ್ಳೆಯ ಮೆಕ್ಯಾನಿಕ್‌ನ ಅಭ್ಯಾಸ. ಅಪಾಯವಿದೆಯೆಂದು ಬಿಚ್ಚದೇ ಇರುವುದು ಪರಿಹಾರವಲ್ಲ, ಎಚ್ಚರಿಕೆಯಿಂದ ಬಿಚ್ಚುವುದೇ ಪರಿಹಾರ.

ಯಾರೂ ನೋಡದ ಕೆಲಸ

ಮುಚ್ಚಳ ಮುಚ್ಚಿದ ಮೇಲೆ ಒಳಗೆ ನೋಡಿದರೋ ಇಲ್ಲವೋ ಯಾರಿಗೆ ಗೊತ್ತು? ದಾಖಲೆ ಪುಸ್ತಕದಲ್ಲಿರುವ ಒಂದು ಸಹಿ ಮಾತ್ರ ಉಳಿಯುತ್ತದೆ. ಪೈಲಟ್ ಆ ಸಹಿಯನ್ನು ನಂಬಿ ಹಾರುತ್ತಾನೆ. ಆದ್ದರಿಂದ ಇಲ್ಲಿ ವಿಜ್ಞಾನದ ಜೊತೆಗೆ ಪ್ರಾಮಾಣಿಕತೆಯೂ ಬೇಕು.

"ದೊಡ್ಡವರಾದ ಮೇಲೆ ಏನಾಗುತ್ತೀರಿ?" ಎಂದರೆ "ಪೈಲಟ್" ಎನ್ನುವವರು ಬಹಳ. ಸಂತೋಷ. ಆದರೆ "ವಿಮಾನ ರಿಪೇರಿ ಮಾಡುತ್ತೇನೆ" ಎನ್ನುವವರು ಎಷ್ಟು ಮಂದಿ? ಕೈಗೆ ಗ್ರೀಸು ಹತ್ತಿದ ಆ ಕೆಲಸಕ್ಕೂ ಪೈಲಟ್‌ಗೆ ಕೊಡುವಷ್ಟೇ ಗೌರವ ಸಲ್ಲಬೇಕು. ನಮ್ಮ ದೇಶದಲ್ಲೂ ಇದಕ್ಕೆ ಓದು, ಪರೀಕ್ಷೆ, ಪರವಾನಗಿ ಎಲ್ಲವೂ ಇವೆ.

ಇಂದು ಸಂಜೆ ಒಂದು ಕೆಲಸ ಮಾಡಿ. ನಿಮ್ಮ ಸೈಕಲ್ಲಿನ ಬ್ರೇಕ್ ತಂತಿಯನ್ನು ಗಮನವಿಟ್ಟು ನೋಡಿ. ಎಳೆ ತುಂಡಾಗಿದೆಯೇ? ತುಕ್ಕು ಹಿಡಿದಿದೆಯೇ? ತೊಂದರೆ ಕಂಡರೆ ಹಿರಿಯರಿಗೆ ತಿಳಿಸಿ, ಸರಿಪಡಿಸಿದ ಮೇಲೆಯೇ ಸೈಕಲ್ ಹತ್ತಿ.